ಇಎಂಐ ಬಾಯಿಪಾಠ ಇದೆ, ಒಟ್ಟು ಸಾಲ ಎಷ್ಟು ಅಂತ ಗೊತ್ತಿಲ್ಲ

ನಿಮ್ಮ ಇಎಂಐ ಎಷ್ಟು ಅಂತ ಕೇಳಿದ್ರೆ ಇಲ್ಲಿ ಕೂತಿರೋ ಎಲ್ರೂ ಥಟ್ ಅಂತ ಹೇಳ್ತೀರಾ. ಐದನೇ ತಾರೀಖು ಇಷ್ಟು, ಹತ್ತನೇ ತಾರೀಖು ಇಷ್ಟು, ಬೈಕಿಂದು ಇಷ್ಟು, ಸಂಘದ್ದು ವಾರಕ್ಕೆ ಇಷ್ಟು, ಎಲ್ಲ ಬಾಯಲ್ಲೇ ಇರತ್ತೆ. ಅದೇ ಇವತ್ತಿಗೆ ಒಟ್ಟು ಎಷ್ಟು ಸಾಲ ಬಾಕಿ ಇದೆ, ಯಾವ್ದಕ್ಕೆ ಎಷ್ಟು ಬಡ್ಡಿ ಬೀಳ್ತಿದೆ ಅಂದ್ರೆ ಸುಮ್ನಾಗ್ತೀವಿ. ನಾನು ಬಹಳ ವರ್ಷ ಬ್ಯಾಂಕಲ್ಲಿ ಸಾಲದ ವಿಭಾಗದಲ್ಲೇ ಕೆಲಸ ಮಾಡ್ದೋನು, ರಿಟೈರ್ ಆದ್ಮೇಲೆ ಸಾಲದಲ್ಲಿ ಸಿಕ್ಕಾಕ್ಕೊಂಡಿರೋ ಮನೆಯವ್ರ ಜೊತೆ ಕೂತು ಲೆಕ್ಕ ಹಾಕ್ಕೊಡ್ತೀನಿ. ಓದಿರೋರು, ಓದ್ದೆ ಇರೋರು, ಸರ್ಕಾರಿ ನೌಕರರು, ತರಕಾರಿ ಗಾಡಿ ಇಟ್ಕೊಂಡಿರೋರು, ಎಲ್ಲರ ಮನೇಲೂ ಇದೇ ಕಥೆ.

ಇವತ್ತು ನಾನು ಹೇಳ್ಬೇಕು ಅಂತ ಬಂದಿರೋದು ಒಂದೇ ವಿಷ್ಯ. ಸಾಲ ತೀರ್ಸೋ ಕೆಲಸ ಶುರುವಾಗೋದು ಒಂದು ಹಾಳೆ ಮೇಲೆ. ಇರೋ ಅಷ್ಟೂ ಸಾಲ ಆ ಹಾಳೇಲಿ ಬರ್ದು, ಬಡ್ಡಿ ಪಕ್ಕದಲ್ಲಿ ಬರ್ದು, ಮನೆಯವ್ರ ಮುಂದೆ ಇಡ್ಬೇಕು. ದುಡ್ಡು ಎಲ್ಲಿಂದ ತರೋದು ಅನ್ನೋ ಪ್ರಶ್ನೆ ಆಮೇಲೆ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಸಾಲ ಅಂದ ತಕ್ಷಣ ನಮ್ಮಲ್ಲಿ ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಬುದ್ಧಿ ಹೇಳೋಕೆ ಶುರು ಮಾಡ್ತಾರೆ. ನಾನು ನೋಡಿರೋ ಮನೆಗಳಲ್ಲಿ ಮಜಾ ಮಾಡಿ ಸಾಲ ಆದೋರು ಕಮ್ಮಿ. ಅಪ್ಪಂಗೆ ಸ್ಟೆಂಟ್ ಹಾಕ್ಸಿದ್ದು, ಮಗಳ ಪಿಯುಸಿ ಫೀಸು, ಬೋರ್‌ವೆಲ್ ಕೊರ್ಸಿ ನೀರು ಬರ್ದೇ ಹೋಗಿದ್ದು, ಕೆಲ್ಸ ಹೋಗಿ ನಾಲ್ಕು ತಿಂಗ್ಳು ಮನೇಲಿ ಕೂತಿದ್ದು, ಇಂಥವೇ ಜಾಸ್ತಿ. ಆದ್ದರಿಂದ ಇಲ್ಲಿ ಯಾರೂ ತಲೆ ತಗ್ಗಿಸ್ಕೊಂಡು ಕೂರೋ ಅಗತ್ಯ ಇಲ್ಲ.

ಈಗ ಹಾಳೆ. ನಮ್ಮ ಕಡೆ ಮದುವೆ ಮನೇಲಿ ಮುಯ್ಯಿ ಬರ್ಯೋಕೆ ಅಂತ್ಲೇ ಒಬ್ರನ್ನ ಕೂರಿಸ್ತೀವಿ, ಇಂಥ ಊರಿನ ಇಂಥೋರು 501 ಅಂತ ಬರ್ದು ಆ ಪುಸ್ತಕಾನ ಬೀರುವಲ್ಲಿ ಇಪ್ಪತ್ತು ವರ್ಷ ಇಟ್ಕೋತೀವಿ, ಅವ್ರ ಮನೆ ಮದುವೆಗೆ ಹೋಗೋವಾಗ ತೆಗ್ದು ನೋಡ್ತೀವಿ. ಅಷ್ಟು ಲೆಕ್ಕ ಗೊತ್ತಿರೋ ಜನ ನಾವು. ಲಕ್ಷಗಟ್ಟಲೆ ಸಾಲನ ಮಾತ್ರ ಬರ್ದಿಡಲ್ಲ, ಬರೆದ್ರೆ ಒಟ್ಟು ಕಾಣ್ಸತ್ತೆ, ಒಟ್ಟು ಕಂಡ್ರೆ ಭಯ ಆಗತ್ತೆ, ಅದ್ಕೇ ಬರ್ಯಲ್ಲ.

ಹಾಳೇಲಿ ಏನೇನು ಇರ್ಬೇಕು? ಯಾರಿಗೆ ಕೊಡ್ಬೇಕು, ಇವತ್ತಿನ ಬಾಕಿ ಎಷ್ಟು, ತಿಂಗ್ಳಿಗೆ ಎಷ್ಟು ಕಟ್ತಿದೀವಿ, ವರ್ಷಕ್ಕೆ ಎಷ್ಟು ಪರ್ಸೆಂಟ್ ಬಡ್ಡಿ. ನಾಲ್ಕು ಕಾಲಂ ಸಾಕು. ಬ್ಯಾಂಕು ಫೈನಾನ್ಸ್ ಸಾಲ ಆದ್ರೆ ಬಾಕಿ ಎಷ್ಟು ಅಂತ ಅವ್ರ ಆಪಲ್ಲೇ ಕಾಣ್ಸತ್ತೆ, ಇಲ್ಲಾಂದ್ರೆ ಬ್ರಾಂಚಿಗೆ ಹೋಗಿ ಸ್ಟೇಟ್‌ಮೆಂಟ್ ಕೇಳಿ. 2024ರ ಅಕ್ಟೋಬರ್ ಒಂದರಿಂದ ಈಚೆಗೆ ತಗೊಂಡಿರೋ ಸಾಲ ಆದ್ರೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತ ಒಂದು ಕಾಗದ ಕೊಟ್ಟಿರ್ಲೇಬೇಕು, ಅದು ಆರ್‌ಬಿಐ ನಿಯಮ. ಅದ್ರಲ್ಲಿ ಎಪಿಆರ್ ಅಂತ ಒಂದು ಸಾಲು ಇರತ್ತೆ, ಪ್ರೊಸೆಸಿಂಗ್ ಫೀಸು ಅದು ಇದು ಎಲ್ಲ ಸೇರ್ಸಿ ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟ್ ಬೀಳ್ತಿದೆ ಅಂತ. ಹಾಳೇಲಿ ಬರ್ಯಬೇಕಾಗಿರೋದು ಆ ನಂಬರ್. ಯಾವ್ದಾದ್ರೂ ಸಾಲ ಮರ್ತು ಹೋಗಿದ್ರೆ, ನಗ್ಬೇಡಿ, ಹಳೇ ಕಾರ್ಡು, ಫೋನ್ ತಗೊಂಡಾಗಿನ ಲೋನು ಎಲ್ಲ ಮರ್ತು ಹೋಗತ್ತೆ, ಸಿಬಿಲ್ ರಿಪೋರ್ಟ್ ತೆಗ್ಸಿ, ನಿಮ್ಮ ಹೆಸರಲ್ಲಿರೋ ಬ್ಯಾಂಕು ಫೈನಾನ್ಸ್ ಸಾಲದ ಪಟ್ಟಿ ಅದ್ರಲ್ಲಿ ಇರತ್ತೆ. ನಮ್ಮ ದೇಶದಲ್ಲಿ ಇಂಥ ರಿಪೋರ್ಟ್ ಕೊಡೋ ಕಂಪನಿ ನಾಲ್ಕಿವೆ, ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಪ್ರತಿಯೊಬ್ರೂ ವರ್ಷಕ್ಕೆ ಒಂದ್ಸಲ ಪೂರ್ತಿ ರಿಪೋರ್ಟ್ ಫ್ರೀಯಾಗಿ ಕೊಡ್ಬೇಕು. ಅದಕ್ಕೆ ಯಾರಿಗೂ ದುಡ್ಡು ಕೊಡೋಕೆ ಹೋಗ್ಬೇಡಿ.

ಬಡ್ಡಿ ಕಾಲಂ ತುಂಬೋದ್ರಲ್ಲೇ ಎಲ್ರೂ ಎಡವೋದು, ಅದ್ಕೆ ಸ್ವಲ್ಪ ಹೊತ್ತು ಇಲ್ಲೇ ನಿಲ್ತೀನಿ. ನಮ್ಮಲ್ಲಿ ಬಡ್ಡಿ ಹೇಳೋ ರೀತಿ ಒಂದೊಂದು ಕಡೆ ಒಂದೊಂದು. ಬ್ಯಾಂಕಿನೋರು 14 ಪರ್ಸೆಂಟ್ ಅಂತಾರೆ. ಊರಲ್ಲಿ ಸಾಲ ಕೊಡೋರು ಮೂರು ರೂಪಾಯಿ ಬಡ್ಡಿ ಅಂತಾರೆ. ಕೇಳಿದ ಕಿವಿಗೆ ಮೂರು ಚಿಕ್ಕದು, ಹದಿನಾಲ್ಕು ದೊಡ್ಡದು. ಆದ್ರೆ ಆ ಮೂರು ರೂಪಾಯಿ ನೂರಕ್ಕೆ, ತಿಂಗ್ಳಿಗೆ. ಅಂದ್ರೆ ವರ್ಷಕ್ಕೆ 36 ಪರ್ಸೆಂಟ್. ಐದು ರೂಪಾಯಿ ಬಡ್ಡಿ ಅಂದ್ರೆ 60. ಇದನ್ನ ಹೇಳ್ದಾಗ ಜನ ನಂಗೆ ಗೊತ್ತು ಸಾರ್ ಅಂತಾರೆ, ಗೊತ್ತಿರತ್ತೆ, ಆದ್ರೆ ಬ್ಯಾಂಕ್ ಸಾಲದ ಪಕ್ಕದಲ್ಲಿ ಇಟ್ಟು ನೋಡಿರಲ್ಲ. ಎಲ್ಲಾನೂ ವರ್ಷದ ಲೆಕ್ಕಕ್ಕೆ ತಂದು ಬರೀರಿ, ಆಗ ಯಾರು ಯಾರು ಅಂತ ಕಾಣ್ಸತ್ತೆ.

ಇನ್ನು ಡೈಲಿ ಕಲೆಕ್ಷನ್. ಮಾರ್ಕೆಟ್ಟಲ್ಲಿ ಅಂಗಡಿ ಇರೋರಿಗೆ ಚೆನ್ನಾಗಿ ಗೊತ್ತು. ಹತ್ತು ಸಾವಿರ ಸಾಲ ಅಂತಾರೆ, ಕೈಗೆ ಕೊಡೋದು 8,500, ದಿನಾ ಸಂಜೆ ನೂರು ರೂಪಾಯಿ, ನೂರು ದಿನ. ನೋಡೋಕೆ 1,500 ತಾನೇ ಬಡ್ಡಿ, ಹದಿನೈದು ಪರ್ಸೆಂಟ್ ಅನ್ಸತ್ತೆ. ಆದ್ರೆ ನೀವು ಮೊದಲ್ನೇ ದಿನದಿಂದ್ಲೇ ಅಸಲು ವಾಪಸ್ ಕೊಡ್ತಾ ಬರ್ತೀರಾ, ಆ 8,500 ನಿಮ್ಮ ಹತ್ರ ನೂರು ದಿನ ಇರೋದೇ ಇಲ್ಲ. ಸರಿಯಾಗಿ ಲೆಕ್ಕ ಹಾಕಿದ್ರೆ ವರ್ಷಕ್ಕೆ 120 ಪರ್ಸೆಂಟ್ ಆಸುಪಾಸು ಬರತ್ತೆ. ಅಂದ್ರೆ ಹತ್ತು ರೂಪಾಯಿ ಬಡ್ಡಿ.

ಗಾಡಿ ಫೈನಾನ್ಸಲ್ಲಿ ಫ್ಲಾಟ್ ರೇಟ್ ಅಂತ ಇನ್ನೊಂದು ಇದೆ. ಒಂದು ಲಕ್ಷ, ಮೂರು ವರ್ಷ, 12 ಪರ್ಸೆಂಟ್ ಫ್ಲಾಟ್ ಅಂದ್ರೆ ವರ್ಷಕ್ಕೆ 12 ಸಾವಿರದ ಹಾಗೆ 36 ಸಾವಿರ ಸೇರ್ಸಿ 36ರಿಂದ ಭಾಗ ಮಾಡ್ತಾರೆ, ಇಎಂಐ 3,778. ಎರಡು ವರ್ಷ ಕಟ್ಟಿ ಅಸಲು ಬಹಳ ಕಮ್ಮಿ ಆಗಿರೋವಾಗ್ಲೂ ಪೂರ್ತಿ ಒಂದು ಲಕ್ಷದ ಮೇಲೆ ಬಡ್ಡಿ ಹಾಕಿರ್ತಾರೆ. ಉಳಿದಿರೋ ಅಸಲಿಗೆ ಮಾತ್ರ ಬಡ್ಡಿ ಹಾಕೋ ಇಳಿಕೆ ಬಾಕಿ ಲೆಕ್ಕಕ್ಕೆ ತಂದ್ರೆ ಅದು 21 ಪರ್ಸೆಂಟ್ ದಾಟತ್ತೆ.

ಕ್ರೆಡಿಟ್ ಕಾರ್ಡಿಗೆ ಬರೋಣ, ಯುವಕರು ಜಾಸ್ತಿ ಇದೀರಾ. ಕಾರ್ಡ್ ಬಾಕಿ 80,000 ಅಂದ್ಕೊಳಿ, ಬಡ್ಡಿ ತಿಂಗ್ಳಿಗೆ ಮೂರೂವರೆ. ತಿಂಗಳ ಬಡ್ಡಿ 2,800, ಅದ್ರ ಮೇಲೆ ಜಿಎಸ್‌ಟಿ 18 ಪರ್ಸೆಂಟ್, 504 ರೂಪಾಯಿ. ಒಟ್ಟು 3,304. ಮಿನಿಮಮ್ ಡ್ಯೂ, ಅಂದ್ರೆ ಆ ತಿಂಗ್ಳು ಕಟ್ಲೇಬೇಕಾದ ಕನಿಷ್ಠ ದುಡ್ಡು, ಸಾಮಾನ್ಯವಾಗಿ ಐದು ಪರ್ಸೆಂಟ್ ಇರತ್ತೆ, ಬ್ಯಾಂಕಿಂದ ಬ್ಯಾಂಕಿಗೆ ಸ್ವಲ್ಪ ಆಚೀಚೆ, ಅಂದ್ರೆ 4,000. ನೀವು ನಾಲ್ಕು ಸಾವಿರ ಕಟ್ಟಿ ನಿಟ್ಟುಸಿರು ಬಿಡ್ತೀರಾ, ಅದ್ರಲ್ಲಿ ಸಾಲಕ್ಕೆ ಹೋಗಿದ್ದು 696 ರೂಪಾಯಿ. ವರ್ಷದ ಲೆಕ್ಕದಲ್ಲಿ ಜಿಎಸ್‌ಟಿ ಸೇರಿ ಹತ್ರತ್ರ 50 ಪರ್ಸೆಂಟ್. ಊರಿನ ಮೂರು ರೂಪಾಯಿ ಬಡ್ಡಿಯೋನಿಗಿಂತ ಜಾಸ್ತಿ! ಇನ್ನೊಂದು, ಹಿಂದಿನ ಬಾಕಿ ಪೂರ್ತಿ ಕಟ್ಟದೆ ಉಳಿಸ್ಕೊಂಡಿದ್ರೆ ಹೊಸದಾಗಿ ಏನೇ ಉಜ್ಜಿದ್ರೂ ಅವತ್ತಿಂದ್ಲೇ ಬಡ್ಡಿ, ಆ ನಲವತ್ತೈದು ಐವತ್ತು ದಿನ ಬಡ್ಡಿ ಇಲ್ಲ ಅನ್ನೋ ಸೌಲಭ್ಯ ನಿಮಗಿಲ್ಲ. ದಿನಸಿ ಕಾರ್ಡಲ್ಲೇ ತರ್ತಿದೀರಾ ಅಂದ್ರೆ ಅಕ್ಕಿ ಬೇಳೆಗೂ ಐವತ್ತು ಪರ್ಸೆಂಟ್ ಬಡ್ಡಿ ಕೊಡ್ತಿದೀರಾ ಅಂತ ಅರ್ಥ.

ಸರಿ, ಹಾಳೆ ತುಂಬಿತು. ಇದನ್ನ ಗಂಡ ಹೆಂಡತಿ ಇಬ್ರೂ ಕೂತು ತುಂಬ್ಬೇಕು. ನಾನು ಇದನ್ನ ಬಿಟ್ಟುಕೊಡಲ್ಲ. ಯಜಮಾನ್ರಿಗೆ ಗೊತ್ತಿಲ್ಲದೆ ಸಂಘದಲ್ಲಿ ಸಾಲ ಎತ್ತಿ ತಂಗಿಗೆ ಕೊಟ್ಟಿರೋರು ಇರ್ತಾರೆ, ಮನೆಯವ್ರಿಗೆ ಗೊತ್ತಿಲ್ಲದೆ ಆಪಲ್ಲಿ ಸಾಲ ತಗೊಂಡಿರೋ ಗಂಡಂದಿರು ಇರ್ತಾರೆ, ಒಬ್ರ ಹಾಳೆ ಬರೆದ್ರೆ ಅರ್ಧ ಹಾಳೆ ಅಷ್ಟೇ. ಅರ್ಧ ಹಾಳೆ ನೋಡ್ಕೊಂಡು ಮಾಡಿದ ಪ್ಲಾನು ಎರಡನೇ ತಿಂಗ್ಳಿಗೇ ಕುಸಿಯತ್ತೆ. ಒಂದು ಷರತ್ತು ಹಾಕ್ಕೊಳಿ, ಆ ಒಂದು ಸಂಜೆ ಯಾರೂ ಯಾರನ್ನೂ ಬೈಯಂಗಿಲ್ಲ, ಯಾಕ್ ತಗೊಂಡೆ ಅಂತ ಕೇಳಂಗಿಲ್ಲ. ಬೈದ್ರೆ ಮುಂದಿನ ಸಾಲ ಹೊರಗೆ ಬರಲ್ಲ. ದೊಡ್ಡ ಮಕ್ಕಳಿದ್ರೆ ಅವ್ರನ್ನೂ ಕೂರಿಸ್ಕೊಳಿ, ಡಿಗ್ರಿ ಓದೋ ಹುಡುಗ್ರು ಈ ಲೆಕ್ಕ ನಮಗಿಂತ ಬೇಗ ಹಾಕ್ತಾರೆ, ಮತ್ತೆ ಮನೆ ಪರಿಸ್ಥಿತಿ ಗೊತ್ತಾದ್ರೆ ಹೊಸ ಫೋನು ಬೇಕು ಅಂತ ಅವ್ರೇ ಕೇಳೋದು ನಿಲ್ಲಿಸ್ತಾರೆ.

ಈಗ ಒಂದು ಮನೆ ಲೆಕ್ಕ ತಗೊಳ್ಳೋಣ, ಇದು ಯಾರ ಮನೆದೂ ಅಲ್ಲ, ನಾನೇ ಅಂಕಿ ಹಾಕಿರೋದು. ತುಮಕೂರು ಅಂದ್ಕೊಳಿ, ಯಜಮಾನ್ರು ಫ್ಯಾಕ್ಟರಿ ಕೆಲ್ಸ, 32,000 ಕೈಗೆ ಬರತ್ತೆ, ಮನೆಯಾಕೆ ಬ್ಲೌಸ್ ಹೊಲಿದು 8,000. ಹಾಳೇಲಿ ಇರೋದು: ಕಾರ್ಡ್ 80,000. ಪರ್ಸನಲ್ ಲೋನ್ 1,50,000, 16 ಪರ್ಸೆಂಟ್, ಇಎಂಐ 5,300. ಊರಲ್ಲಿ ಮೂರು ರೂಪಾಯಿ ಬಡ್ಡೀಲಿ ತಂದಿರೋದು 60,000, ತಿಂಗಳಾ ಬಡ್ಡಿ 1,800 ಕೊಡ್ತಾರೆ, ಅಸಲು ಹಂಗೇ ಇದೆ. ಬ್ಯಾಂಕಲ್ಲಿ ಒಡವೆ ಇಟ್ಟಿರೋದು 1,00,000. ಬೈಕ್ ಇನ್ನೈದು ಕಂತು ಇದೆ, 2,400ರಂತೆ 12,000. ಭಾವನ ಹತ್ರ ಕೈಸಾಲ 40,000, ಬಡ್ಡಿ ಇಲ್ಲ. ಒಟ್ಟು 4,42,000. ತಿಂಗ್ಳಿಗೆ ಹೋಗ್ತಿರೋದು ಕಾರ್ಡಿನ ಮಿನಿಮಮ್ ಸೇರಿ 13,500.

ಈ ಮನೆಯವ್ರಿಗೆ ಎಲ್ರೂ ಹೇಳೋದು ಖರ್ಚು ಕಮ್ಮಿ ಮಾಡಿ ಅಂತ. ಬಾಡಿಗೆ, ದಿನಸಿ, ಸ್ಕೂಲ್ ಫೀಸು, ಗ್ಯಾಸು, ಔಷಧಿ ಕಳೆದ್ಮೇಲೆ ಇನ್ನೇನು ಕಮ್ಮಿ ಮಾಡ್ತಾರೆ ಪಾಪ. ನಾನು ಮೊದ್ಲು ನೋಡೋದು ಬಡ್ಡಿ ಕಾಲಂ. ಅಲ್ಲಿ ಎರಡು ಸಾಲ ಮನೇನ ತಿಂತಾ ಇವೆ, ಕಾರ್ಡು ಮತ್ತೆ ಮೂರು ರೂಪಾಯಿದು.

ಕಾರ್ಡ್ ಬಾಕಿನ ಎರಡು ವರ್ಷದ ಕಡಿಮೆ ಬಡ್ಡಿ ಸಾಲಕ್ಕೆ ತಿರುಗಿಸಿದ್ರೆ, 15 ಪರ್ಸೆಂಟಿಗೆ ಸಿಕ್ತು ಅಂದ್ಕೊಳಿ, ಇಎಂಐ 3,880 ರೂಪಾಯಿ. ಈಗ ಕಟ್ತಿರೋ ನಾಲ್ಕು ಸಾವಿರಕ್ಕಿಂತ ಕಮ್ಮಿ! ಅದೇ ದುಡ್ಡಲ್ಲಿ 24 ತಿಂಗ್ಳಿಗೆ ಸಾಲ ಪೂರ್ತಿ ಮುಗಿಯತ್ತೆ. ಸಂಬಳದ ಅಕೌಂಟ್ ಇರೋ ಬ್ಯಾಂಕು, ನಿಮ್ಮ ಸಹಕಾರ ಸಂಘ, ಫ್ಯಾಕ್ಟರಿ ಸೊಸೈಟಿ, ಮೂರು ಕಡೆ ಕೇಳಿ ನೋಡಿ. ಕಾರ್ಡ್ ಕಂಪನಿಯೋರೂ ಬಾಕಿನ ಇಎಂಐ ಮಾಡ್ಕೊಡ್ತಾರೆ, ಅಲ್ಲಿ ಬಡ್ಡಿ ಮೇಲೆ ಜಿಎಸ್‌ಟಿ ಇರತ್ತೆ, ಮಾಮೂಲಿ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಅದನ್ನೂ ಲೆಕ್ಕಕ್ಕೆ ತಗೊಳಿ. ಆದ್ರೆ ಒಂದು, ತಿರುಗಿಸಿದ ದಿನಾನೇ ಆ ಕಾರ್ಡ್ ಕ್ಲೋಸ್ ಮಾಡ್ಸಿ, ಇಲ್ಲಾ ಲಿಮಿಟ್ ಹತ್ತು ಸಾವಿರಕ್ಕೆ ಇಳಿಸಿ. ಇಳಿಸ್ದೇ ಹೋದ್ರೆ ಕಾರ್ಡ್ ಖಾಲಿ ಕಾಣ್ಸತ್ತೆ, ಆರು ತಿಂಗ್ಳಲ್ಲಿ ಮತ್ತೆ ತುಂಬತ್ತೆ, ಆಗ ಲೋನೂ ಇರತ್ತೆ ಕಾರ್ಡೂ ಇರತ್ತೆ. ಎಷ್ಟೋ ಮನೆ ಇಲ್ಲೇ ಬಿದ್ದಿರೋದು.

ಮೂರು ರೂಪಾಯಿ ಬಡ್ಡಿದು. ವರ್ಷಕ್ಕೆ 21,600 ಕೊಡ್ತಿದಾರೆ, ಅರವತ್ತು ಸಾವಿರ ಅರವತ್ತು ಸಾವಿರಾನೇ. ಮನೇಲಿ ಇನ್ನೊಂದು ಸರ, ಎರಡು ಬಳೆ ಇದೆ ಅಂದ್ರೆ ನಾನು ಅಡ ಇಡಿ ಅಂತೀನಿ. ಹೆಣ್ಣುಮಕ್ಕಳಿಗೆ ಇದು ಕಷ್ಟದ ಮಾತು, ಗೊತ್ತು ನಂಗೆ. ತವರಿಂದ ತಂದಿದ್ದು, ಮಗಳಿಗೆ ಅಂತ ಎತ್ತಿಟ್ಟಿದ್ದು. ಅದಕ್ಕೆ ಬಲವಂತ ಮಾಡೋ ಹಕ್ಕು ಗಂಡಂಗೂ ಇಲ್ಲ ನನಗೂ ಇಲ್ಲ, ಅದು ಅವ್ರ ಒಡವೆ, ಅವ್ರೇ ನಿರ್ಧಾರ ಮಾಡ್ಬೇಕು. ಲೆಕ್ಕ ಮಾತ್ರ ಮುಂದೆ ಇಡ್ತೀನಿ. ಬ್ಯಾಂಕಲ್ಲಿ ವರ್ಷಕ್ಕೆ ಹತ್ತು ಪರ್ಸೆಂಟಿಗೆ ಸಿಕ್ಕಿದ್ರೆ ತಿಂಗಳ ಬಡ್ಡಿ 500. ಊರಿನ ಸಾಲ ಚುಕ್ತಾ ಮಾಡಿ, ಬರ್ಕೊಟ್ಟಿದ್ದ ಪ್ರೋನೋಟು, ಖಾಲಿ ಚೆಕ್ ವಾಪಸ್ ಇಸ್ಕೊಂಡು, ಆ 1,800ನ ತಿಂಗಳಾ ಬ್ಯಾಂಕಿಗೇ ಕಟ್ತಾ ಹೋದ್ರೆ ಸುಮಾರು 39 ತಿಂಗ್ಳಿಗೆ ಒಡವೆ ಮನೆಗೆ ಬರತ್ತೆ. ಐದು ತಿಂಗ್ಳಿಗೆ ಬೈಕ್ ಸಾಲ ಮುಗಿಯತ್ತಲ್ಲ, ಆ 2,400ನೂ ಇದಕ್ಕೇ ಸೇರ್ಸಿದ್ರೆ 19 ತಿಂಗ್ಳಲ್ಲಿ. ಮನೆ ಖರ್ಚಲ್ಲಿ ಒಂದು ರೂಪಾಯಿ ಮುಟ್ಟಿಲ್ಲ ನೋಡಿ ಇನ್ನೂ.

ಚಿನ್ನದ ಸಾಲದಲ್ಲಿ ಒಂದು ಎಚ್ಚರ. ಹಲವು ಕಡೆ ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟೋ ಥರ ಕೊಡ್ತಾರೆ, ತಿಂಗ್ಳಾ ಏನೂ ಕೇಳಲ್ಲ, ಕೇಳಲ್ಲ ಅಂತ ನಾವೂ ಕಟ್ಟಲ್ಲ, ವರ್ಷ ಆದ್ಮೇಲೆ ಬಡ್ಡಿ ಮಾತ್ರ ಕಟ್ಟಿ ರಿನೀವಲ್ ಮಾಡ್ಸಿ ಬರ್ತೀವಿ. ಹತ್ತು ವರ್ಷದಿಂದ ಲಾಕರಲ್ಲೇ ಇರೋ ಬಳೆಗಳನ್ನ ನಾನು ನೋಡಿದೀನಿ. ಸಾಲ ತಗೊಳೋವಾಗ್ಲೇ ತಿಂಗ್ಳಾ ಸ್ವಲ್ಪ ಸ್ವಲ್ಪ ಅಸಲು ಕಟ್ಬಹುದಾ ಅಂತ ಕೇಳಿ, ಕಟ್ಬಹುದು ಅನ್ನೋ ಕಡೆನೇ ಇಡಿ. ನೋಟಿಸ್ ಬಂದ್ರೆ ಒಡೆಯದೆ ಇಡ್ಬೇಡಿ, ಹರಾಜಿನ ನೋಟಿಸ್ ಆಗಿರ್ಬಹುದು.

ಯಾವ್ದನ್ನ ಮೊದ್ಲು ತೀರ್ಸೋದು ಅಂತ ಎಲ್ಲ ಕಡೆ ಕೇಳ್ತಾರೆ. ನನ್ನ ಉತ್ತರ, ಜಾಸ್ತಿ ಬಡ್ಡಿದು ಮೊದ್ಲು, ಅದ್ರಲ್ಲಿ ಅನುಮಾನ ಇಲ್ಲ. ಒಂದೇ ಒಂದು ವಿನಾಯ್ತಿ, ಎರಡು ಮೂರು ತಿಂಗ್ಳಲ್ಲಿ ಮುಗಿದೋಗೋ ಅಂಥ ಪುಟ್ಟ ಸಾಲ ಇದ್ರೆ ಅದನ್ನ ಮುಗಿಸ್ಬಿಡಿ, ಒಂದು ಕಂತು ತಪ್ಪತ್ತೆ, ಮನಸ್ಸಿಗೂ ಧೈರ್ಯ ಬರತ್ತೆ. ಮುಗಿದ ಸಾಲದ ಕಂತಿನ ದುಡ್ಡು ಮನೆ ಖರ್ಚಿಗೆ ಬರ್ಬಾರ್ದು, ಮುಂದಿನ ಸಾಲಕ್ಕೆ ಹೋಗ್ಬೇಕು, ಅವತ್ತೇ ಹೋಗ್ಬೇಕು. ಒಂದು ತಿಂಗ್ಳು ಕೈಯಲ್ಲಿ ಉಳಿದ್ರೆ ಎರಡನೇ ತಿಂಗ್ಳಿಗೆ ಅದು ಎಲ್ಲೋಯ್ತು ಅಂತ ಗೊತ್ತಾಗಲ್ಲ.

ಭಾವನ ಕೈಸಾಲ ಬಡ್ಡಿ ಲೆಕ್ಕದಲ್ಲಿ ಕೊನೆಗೆ ಬರತ್ತೆ. ಆದ್ರೆ ಅದಕ್ಕೆ ಬೇರೆ ಥರದ ಬಡ್ಡಿ ಬೀಳ್ತಾ ಇರತ್ತೆ. ಅವ್ರ ಮನೆ ಗೃಹಪ್ರವೇಶಕ್ಕೆ ಹೋಗೋಕೆ ಮುಜುಗರ, ಫೋನ್ ಬಂದ್ರೆ ಎತ್ತೋಕೆ ಮುಜುಗರ, ಹಬ್ಬಕ್ಕೆ ಅಕ್ಕನ್ನ ಕರೆಯೋದು ನಿಂತೋಗತ್ತೆ. ನೀವೇ ಮೊದ್ಲು ಹೋಗಿ ಹೇಳಿ, ಭಾವ, ಇಷ್ಟು ಇಷ್ಟು ಸಾಲ ಇದೆ, ಇಂಥಾ ತಿಂಗ್ಳಿಂದ ಪೂರ್ತಿ ನಿಮ್ಮದಕ್ಕೆ ಕೈ ಹಾಕ್ತೀನಿ, ಅಲ್ಲಿವರೆಗೂ ತಿಂಗ್ಳಾ ಐನೂರು ಕೊಡ್ತೀನಿ ಅಂತ. ಐನೂರು ರೂಪಾಯಿ ಅವ್ರಿಗೆ ದೊಡ್ಡದಲ್ಲ, ನೀವು ಮರ್ತಿಲ್ಲ ಅನ್ನೋದು ದೊಡ್ಡದು.

ಪೂರ್ತಿ ದುಡ್ಡು ಸಾಲಕ್ಕೇ ಸುರೀಬೇಡಿ ಅಂತಾನೂ ಹೇಳ್ತೀನಿ. ಜೂನಲ್ಲಿ ಸ್ಕೂಲ್ ಫೀಸ್ ಬರತ್ತೆ, ಬೈಕಿನ ಇನ್ಶೂರೆನ್ಸ್ ಬರತ್ತೆ, ವರಮಹಾಲಕ್ಷ್ಮಿ, ಗೌರಿ ಗಣೇಶ ಬರತ್ತೆ. ಇವೆಲ್ಲ ಪ್ರತಿ ವರ್ಷ ಅದೇ ಟೈಮಿಗೆ ಬರೋವೇ, ಆದ್ರೂ ಪ್ರತಿ ವರ್ಷ ಸಾಲ ಮಾಡ್ತೀವಿ. ಹತ್ತು ಹದಿನೈದು ಸಾವಿರ ಬೇರೆ ಅಕೌಂಟಲ್ಲಿ, ಯುಪಿಐ ಜೋಡಿಸ್ದೇ ಇರೋ ಅಕೌಂಟಲ್ಲಿ ಇಡಿ. ಮಗು ಜ್ವರ ಅಂತ ರಾತ್ರಿ ಆಸ್ಪತ್ರೆಗೆ ಓಡಿದಾಗ ಕಾರ್ಡ್ ತೆಗೆಯೋ ಹಾಗಾಗ್ಬಾರ್ದು.

ಮಾಡ್ಬಾರ್ದು ಅನ್ನೋವು ಬೇಗ ಹೇಳ್ತೀನಿ. ಸಾಲದ ಕಂತು ಕಟ್ಟೋಕೆ ಆಪಲ್ಲಿ ಸಾಲ ತಗೋಬೇಡಿ. ಆಪ್ ನಿಮ್ಮ ಫೋನಿನ ಕಾಂಟ್ಯಾಕ್ಟ್, ಫೋಟೋ ಕೇಳ್ತು ಅಂದ್ರೆ ಅಲ್ಲಿಗೇ ಬಿಟ್ಟು ಎದ್ದು ಬನ್ನಿ, ಸಾಲದ ಆಪ್‌ಗಳು ಅದನ್ನ ಮುಟ್ಟಂಗಿಲ್ಲ ಅಂತ 2022ರಲ್ಲೇ ಆರ್‌ಬಿಐ ಹೇಳಿದೆ. ಸಾಲ ತೀರ್ಸೋಕೆ ಅಂತ ಚೀಟಿ ಶುರುವಲ್ಲೇ ಕೂಗ್ಬೇಡಿ, ಒಂದು ಲಕ್ಷದ ಚೀಟಿ 70 ಸಾವಿರಕ್ಕೆ ಎತ್ತಿದ್ರೆ ಅದೂ ಒಂದು ದುಬಾರಿ ಸಾಲನೇ. ನಿಮ್ಮ ಸಾಲ ಅರ್ಧಕ್ಕೆ ಸೆಟಲ್ ಮಾಡಿಸ್ತೀವಿ, ಇಎಂಐ ನಿಲ್ಸಿ, ನಮಗೆ ಮೊದ್ಲು ಫೀಸ್ ಕಟ್ಟಿ ಅಂತ ಫೋನಲ್ಲಿ ಆಡ್ ಬರ್ತಾವೆ, ನಂಬಬೇಡಿ. ಇನ್ನು ಸ್ನೇಹಿತನ ಸಾಲಕ್ಕೆ ಶ್ಯೂರಿಟಿ ಹಾಕೋದು, ನಿಮ್ಮ ಹಾಳೆ ಖಾಲಿ ಆಗೋವರೆಗೂ ಬೇಡ. ಬೇಜಾರು ಮಾಡ್ಕೊಂಡ್ರೂ ಪರ್ವಾಗಿಲ್ಲ.

ಇನ್ನು ಕಟ್ಟೋಕೇ ಆಗ್ತಿಲ್ಲ, ಮೂರು ಕಂತು ತಪ್ಪಿದೆ ಅನ್ನೋರು ಇಲ್ಲಿ ಇರ್ಬಹುದು. ಅವ್ರಿಗೆ ಹೇಳ್ತೀನಿ, ಫೋನ್ ಆಫ್ ಮಾಡ್ಬೇಡಿ, ಬ್ರಾಂಚಿಗೆ ಹೋಗಿ. ಕಂತು ತಪ್ಪೋಕೆ ಮುಂಚೆ ಹೋದ್ರೆ ಇನ್ನೂ ಒಳ್ಳೇದು. ಕೆಲ್ಸ ಹೋಗಿದೆ, ಆಸ್ಪತ್ರೆ ಖರ್ಚು ಬಂದಿದೆ, ಇಎಂಐ ಕಮ್ಮಿ ಮಾಡಿ ಅವಧಿ ಜಾಸ್ತಿ ಮಾಡ್ಕೊಡಿ ಅಂತ ಅರ್ಜಿ ಬರ್ದು ಕೊಟ್ಟು, ಇನ್ನೊಂದು ಪ್ರತಿ ಮೇಲೆ ಸೀಲು ಸಹಿ ಹಾಕಿಸ್ಕೊಳಿ. ನಾನು ಆ ಕಡೆ ಕೂತಿದ್ದಾಗ ನೋಡಿದ್ದು ಇದು, ಬಂದು ಮಾತಾಡೋ ಮನುಷ್ಯನ ಫೈಲು ಬೇರೆ ಥರ ನೋಡ್ತಾರೆ, ಕಾಣೆ ಆದೋನ ಫೈಲು ಬೇರೆ ಥರ. ದಂಡದ ವಿಷ್ಯದಲ್ಲೂ ನಿಯಮ ಬದಲಾಗಿದೆ, ಕಂತು ತಪ್ಪಿದ್ದಕ್ಕೆ ಹಾಕೋ ದಂಡನ ಅಸಲಿಗೆ ಸೇರ್ಸಿ ಅದ್ರ ಮೇಲೆ ಮತ್ತೆ ಬಡ್ಡಿ ಹಾಕಂಗಿಲ್ಲ, 2024ರಿಂದ. ಸ್ಟೇಟ್‌ಮೆಂಟ್ ತಗೊಂಡು ಆ ಸಾಲು ನೋಡಿ.

ವಸೂಲಿಗೆ ಬರೋರ ವಿಷ್ಯ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಂಗಿಲ್ಲ. ಬೈಯಂಗಿಲ್ಲ, ಬೆದರಿಸಂಗಿಲ್ಲ, ನಿಮ್ಮ ನೆಂಟರಿಗೆ ಸ್ನೇಹಿತರಿಗೆ ಫೋನ್ ಮಾಡಿ ಮರ್ಯಾದೆ ತೆಗೆಯಂಗಿಲ್ಲ. 2025ರ ಶುರುವಲ್ಲಿ ನಮ್ಮ ರಾಜ್ಯದಲ್ಲಿ ಮೈಕ್ರೋ ಫೈನಾನ್ಸ್ ವಸೂಲಿ ಕಾಟಕ್ಕೆ ಜನ ಮನೆಗೆ ಬೀಗ ಹಾಕ್ಕೊಂಡು ಊರು ಬಿಟ್ಟಿದ್ದು, ಜೀವ ಕಳ್ಕೊಂಡಿದ್ದು ಎಲ್ಲ ಪೇಪರಲ್ಲಿ ಓದಿದೀರಾ. ಅದಾದ್ಮೇಲೆ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತು, ಆಮೇಲೆ ಅದೇ ಕಾಯ್ದೆ ಆಯ್ತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೂ ಜೈಲು, ಐದು ಲಕ್ಷದವರೆಗೂ ದಂಡ. ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡ್ಬಹುದು. ಲೇವಾದೇವಿ ಮಾಡೋರಿಗೆ ಲೈಸೆನ್ಸ್ ಬೇಕು ಅಂತ 1961ರ ಕಾಯ್ದೆನೇ ಇದೆ, ಮೀಟರ್ ಬಡ್ಡಿ ತಡೆಯೋಕೆ 2004ರಲ್ಲಿ ಇನ್ನೊಂದು ಬಂತು. ಆದ್ರೆ ಒಂದು ತಪ್ಪು ತಿಳುವಳಿಕೆ ಬಹಳ ಹರಡಿದೆ, ಹೊಸ ಕಾಯ್ದೆ ಬಂತು ಸಂಘದ ಸಾಲ ಎಲ್ಲ ಮನ್ನಾ ಅಂತ. ಆರ್‌ಬಿಐ ನೋಂದಣಿ ಇರೋ ಸಂಸ್ಥೆಗಳ ಸಾಲ ಮನ್ನಾ ಆಗಿಲ್ಲ. ಕಾಟ ಕೊಡೋದು ನಿಲ್ಬೇಕು ಅಂತ ಕಾಯ್ದೆ, ಸಾಲ ಕಟ್ಲೇಬೇಕು.

ಬ್ಯಾಂಕು, ಎನ್‌ಬಿಎಫ್‌ಸಿ ಅಂದ್ರೆ ಬ್ಯಾಂಕಲ್ಲದ ಫೈನಾನ್ಸ್ ಕಂಪನಿ, ಇವ್ರ ಮೇಲೆ ದೂರು ಇದ್ರೆ ಮೊದ್ಲು ಅವ್ರಿಗೇ ಬರವಣಿಗೇಲಿ ಕೊಡಿ, 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಥವಾ ಬಂದ ಉತ್ತರ ಸರಿ ಇಲ್ಲ ಅಂದ್ರೆ ಇಂಥ ದೂರು ವಿಚಾರಿಸೋ ಆರ್‌ಬಿಐ ಒಂಬುಡ್ಸ್‌ಮನ್ನಿಗೆ ಹೋಗ್ಬಹುದು, ಫೀಸ್ ಇಲ್ಲ, 14448ಕ್ಕೆ ಫೋನ್ ಮಾಡಿದ್ರೆ ಹೇಗೆ ಅಂತ ಹೇಳ್ತಾರೆ. ಕೋರ್ಟಿಂದ ನೋಟಿಸ್ ಬಂದಿದ್ರೆ, ಚೆಕ್ ಬೌನ್ಸ್ ಕೇಸ್ ಆಗಿದ್ರೆ, ಅದನ್ನ ಮಾತ್ರ ನಿರ್ಲಕ್ಷ್ಯ ಮಾಡ್ಬೇಡಿ, ಚೆಕ್ ಬೌನ್ಸ್ ಅಂತೂ ಕ್ರಿಮಿನಲ್ ಕೇಸು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪ್ರತಿ ಜಿಲ್ಲಾ ಕೋರ್ಟಲ್ಲೂ ಇದೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ವಕೀಲರನ್ನ ಫ್ರೀಯಾಗಿ ಕೊಡ್ತಾರೆ, 15100ಕ್ಕೆ ಫೋನ್ ಮಾಡಿ ಕೇಳ್ಬಹುದು. ಲೋಕ ಅದಾಲತ್ತಲ್ಲಿ ಎಷ್ಟೋ ಸಾಲದ ಕೇಸು ರಾಜಿ ಆಗತ್ತೆ.

ಇಲ್ಲಿ ಒಂದು ಮಾತು, ಬಹಳ ಮನಸ್ಸಿಟ್ಟು ಹೇಳ್ತಿದೀನಿ. ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ನಾನೇ ಇಲ್ದೇ ಹೋದ್ರೆ ಇವ್ರೆಲ್ಲ ನೆಮ್ಮದಿಯಾಗಿರ್ತಾರೆ ಅನ್ನೋ ಯೋಚ್ನೆ ಬರ್ತಿದೆ ಅಂದ್ರೆ ಹಾಳೆ, ಬಡ್ಡಿ ಎಲ್ಲ ಪಕ್ಕಕ್ಕಿಡಿ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ಸರ್ಕಾರದ್ದು, ಹಗಲು ರಾತ್ರಿ ಇರತ್ತೆ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಾಲ್ಕೂವರೆ ಲಕ್ಷದ ಸಾಲ ಹೇಗೆ ಇಳಿಯತ್ತೆ ಅಂತ ಈಗ ತಾನೇ ಬೋರ್ಡ್ ಮೇಲೆ ನೋಡಿದ್ರಿ, ಮನುಷ್ಯ ಹೋದ್ರೆ ಆ ಮನೆಗೆ ಯಾವ ಲೆಕ್ಕಾನೂ ಕೂಡಲ್ಲ.

ಸೆಟ್ಲ್‌ಮೆಂಟ್, ಅಂದ್ರೆ ಬಾಕಿಗಿಂತ ಕಮ್ಮಿಗೆ ಮಾತಾಡಿ ಸಾಲ ಮುಗಿಸೋದು, ಮಾಡ್ಕೋಬಹುದಾ ಅಂತ ಹಿಂದೆ ಕೂತಿರೋ ಒಬ್ರು ಕೇಳ್ತಿದಾರೆ. ಬೇರೆ ದಾರಿನೇ ಇಲ್ಲ ಅಂದ್ರೆ ಮಾಡ್ಕೊಳಿ, ಆದ್ರೆ ಗೊತ್ತಿರ್ಲಿ, ಸಿಬಿಲ್ಲಲ್ಲಿ ಕ್ಲೋಸ್ಡ್ ಅಂತ ಬರಲ್ಲ, ಸೆಟಲ್ಡ್ ಅಂತ ಬರತ್ತೆ, ಮುಂದೆ ಮನೆ ಸಾಲಕ್ಕೆ ಹೋದಾಗ ಅದು ಅಡ್ಡ ಬರತ್ತೆ. ಎಷ್ಟಕ್ಕೆ ಮಾತಾಯ್ತು, ಯಾವ ದಿನದೊಳಗೆ ಅಂತ ಬ್ಯಾಂಕಿನ ಲೆಟರ್‌ಹೆಡ್ಡಲ್ಲಿ ಕೈಗೆ ಬರೋವರೆಗೂ ಒಂದು ರೂಪಾಯಿ ಕಟ್ಬೇಡಿ. ವಸೂಲಿಗೆ ಬಂದೋರ ಕೈಗೆ ಕ್ಯಾಶ್ ಕೊಡ್ಲೇಬೇಡಿ, ಅವ್ರ ಸ್ವಂತ ಫೋನ್‌ಪೇಗೂ ಹಾಕ್ಬೇಡಿ, ಸಾಲದ ಅಕೌಂಟಿಗೇ ಹಾಕಿ.

ಬೋನಸ್ ಬಂದ್ರೆ ಅವಧಿಗೆ ಮುಂಚೆ ಕಟ್ಬಹುದಾ ಅಂತ ಇನ್ನೊಬ್ರು. ಫ್ಲೋಟಿಂಗ್ ಅಂದ್ರೆ ದರ ಏರಿಳಿಯೋ ಬಡ್ಡಿ ಸಾಲ, ಮನೆ ಸಾಲದಂಥದ್ದು, ಸ್ವಂತಕ್ಕೆ ತಗೊಂಡಿದ್ರೆ ಮುಂಚೆ ಕಟ್ಟಿದ್ದಕ್ಕೆ ಚಾರ್ಜ್ ಹಾಕಂಗಿಲ್ಲ. ಪರ್ಸನಲ್ ಲೋನ್ ಹೆಚ್ಚಾಗಿ ಫಿಕ್ಸೆಡ್ ಇರತ್ತೆ, ಅದಕ್ಕೆ ಚಾರ್ಜ್ ಇರ್ಬಹುದು, ಆ ಚಾರ್ಜು ಎಷ್ಟು, ಉಳಿಯೋ ಬಡ್ಡಿ ಎಷ್ಟು ಅಂತ ತಾಳೆ ಹಾಕಿ ನೋಡಿ. ಹೆಚ್ಚಿನ ಸಲ ಕಟ್ಟೋದೇ ಲಾಭ, ಸಾಲದ ಕೊನೇ ಏಳೆಂಟು ಕಂತು ಇರೋವಾಗ ಮಾತ್ರ ಅಷ್ಟು ಲಾಭ ಇರಲ್ಲ, ಯಾಕಂದ್ರೆ ಬಡ್ಡಿ ಹೆಚ್ಚುಪಾಲು ಮೊದ್ಲೇ ಕಟ್ಟಿ ಆಗಿರತ್ತೆ.

ಸಾಲ ಮುಗಿದ ದಿನ ಎನ್‌ಒಸಿ, ಅಂದ್ರೆ ಇನ್ನೇನೂ ಬಾಕಿ ಇಲ್ಲ ಅನ್ನೋ ಪತ್ರ, ತಗೊಳ್ದೇ ಬರ್ಬೇಡಿ. ಬೈಕಾದ್ರೆ ಆರ್‌ಸಿ ಮೇಲಿನ ಫೈನಾನ್ಸ್ ಹೆಸರು ತೆಗೆಸಿ. ಮನೆ ಸೈಟು ಪತ್ರ ಇಟ್ಟಿದ್ರೆ 30 ದಿನದಲ್ಲಿ ವಾಪಸ್ ಕೊಡ್ಬೇಕು, ಅವ್ರ ಕಡೆಯಿಂದ ತಡ ಆದ್ರೆ ದಿನಕ್ಕೆ 5,000 ಅವ್ರೇ ನಿಮಗೆ ಕೊಡ್ಬೇಕು. ಒಂದೆರಡು ತಿಂಗ್ಳು ಬಿಟ್ಟು ಸಿಬಿಲ್ ತೆಗ್ದು ಕ್ಲೋಸ್ ಆಗಿದ್ಯಾ ನೋಡಿ, ಆಗಿಲ್ಲ ಅಂದ್ರೆ ಎನ್‌ಒಸಿ ಹಾಕಿ ಸಿಬಿಲ್ ಸೈಟಲ್ಲೇ ತಕರಾರು ಕೊಡಿ.

ಸಾಲದ ಕಾಗದ ತಂದಿರೋರು ಇಲ್ಲೇ ಇರಿ, ಎಡಗಡೆ ಟೇಬಲ್ ಹತ್ರ ಕೂತಿರ್ತೀನಿ, ಕ್ಯಾಲ್ಕುಲೇಟರ್ ಇದೆ, ಒಂದೊಂದಾಗಿ ವರ್ಷದ ಬಡ್ಡಿ ಲೆಕ್ಕ ಹಾಕ್ಕೊಡ್ತೀನಿ. ಡೈಲಿ ಕಲೆಕ್ಷನ್ ಚೀಟಿ ಇರೋರು ಮೊದ್ಲು ಬನ್ನಿ.